ಮಾಳಿಗೆಯ ಮೇಲೆ ಚೆಲ್ಲಿದ ಚರಗ

ನನ್ನ ಕುಂಡಗಳಿಗೆ ಅವ್ವ ಇಟ್ಟ ಹೆಸರು "ಆಟಿಗಿ ಸಾಮಾನು". ಮನೆಗೆ ಯಾರೇ ಬರಲಿ, ಮಾಳಿಗೆಯ ಕಡೆ ಕೈ ಮಾಡಿ, "ನೋಡ್ರಿ, ನಮ್ಮ ಸಣ್ಣ ಮಗಾ ಇನ್ನೂ ಆಟಾ ಆಡ್ತಾನ" ಎನ್ನುತ್ತಿದ್ದಳು. ಬಂದವರು ನಗುತ್ತಿದ್ದರು. ನಾನೂ ಹಲ್ಲು ಕಿರಿಯುತ್ತಿದ್ದೆ, ಆದರೆ ಒಳಗೆ ಮೈಯೆಲ್ಲ ಉರಿಯುತ್ತಿತ್ತು. ಸರ್ಕಾರಿ ಕಚೇರಿಯಲ್ಲಿ ಕುರ್ಚಿ ಇರುವ, ಎರಡು ಮಕ್ಕಳ ತಂದೆಯಾದ ಗಂಡಸಿಗೆ ಆಡುವ ಮಾತೇ ಇದು?

ಈ ಜಗಳದ ಬೇರು ಹಳೆಯದು. ನಮ್ಮದು ಅಳವಂಡಿ ಕಡೆಯ ಒಕ್ಕಲುತನದ ಮನೆ. ನನಗೆ ಹತ್ತು ವರ್ಷವಿದ್ದಾಗ ಸಜ್ಜೆ ಹೊಲದಲ್ಲಿ ಕಸ ತೆಗೆಯಲು ಅವ್ವ ನನ್ನನ್ನೂ ಕೂರಿಸಿದಳು. ಕೈಗೆ ಕಳೆ ಕೀಳುವ ಕುರ್ಚಿಗಿ ಕೊಟ್ಟು, ಒಂದು ಸಾಲು ತೋರಿಸಿ, ತಾನು ಮುಂದಿನ ಸಾಲು ಹಿಡಿದು ಹೋದಳು. ಎಳೆಯ ಸಜ್ಜೆ ಯಾವುದು, ಹುಲ್ಲು ಯಾವುದು ನನಗೆ ತಿಳಿಯಲಿಲ್ಲ. ಎರಡೂ ಒಂದೇ ಹಸಿರು. ಅವಳು ತಿರುಗಿ ನೋಡುವ ಹೊತ್ತಿಗೆ ನನ್ನ ಸಾಲಿನ ಸಜ್ಜೆಯೆಲ್ಲ ಕಿತ್ತುಹೋಗಿ ಹುಲ್ಲು ಮಾತ್ರ ನಿಂತಿತ್ತು. ಹೊಡೆದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ, ಅವ್ವ ಹೊಡೆಯಲಿಲ್ಲ. "ಸಾಲ ಹಿಡ್ಯಾಕ ಬರವಲ್ದು ನಿನಗ. ಸಾಲಿಗರೆ ಹೋಗು" ಎಂದಳು. ಕಸ ತೆಗೆಯುತ್ತಿದ್ದ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಹೀಗೆ ನಾನು ಶಾಲೆಗೆ ಹೋದೆ, ಅಣ್ಣ ಹೊಲದಲ್ಲಿ ಉಳಿದ. ಓದಿ ನೌಕರಿ ಹಿಡಿದದ್ದು ನನ್ನ ಜಾಣತನ ಅಂತ ಊರವರು ಹೇಳುತ್ತಾರೆ. ಅವ್ವ ತೂರಿ ಬೇರೆ ಮಾಡಿದ ಜೊಳ್ಳು ನಾನು ಎಂಬುದು ನನಗೊಬ್ಬನಿಗೇ ಗೊತ್ತಿತ್ತು.

1997ರಲ್ಲಿ ಕೊಪ್ಪಳ ಜಿಲ್ಲೆಯಾಯಿತು. ಹೊಸ ಹೊಸ ಕಚೇರಿಗಳು ತೆರೆದವು. ಯಲಬುರ್ಗಾದಲ್ಲಿ ಗುಮಾಸ್ತನಾಗಿದ್ದ ನನ್ನನ್ನು ಕೊಪ್ಪಳಕ್ಕೆ ಹಾಕಿದರು. ಬಾಡಿಗೆಗೆ ಸಿಕ್ಕಿದ್ದು ಮಹಡಿಯ ಮೇಲಿನ ಎರಡು ಕೋಣೆ, ಮುಂದೆ ಪರಸಿ ಕಲ್ಲು ಹಾಸಿದ ಬಯಲು ಮಾಳಿಗೆ. ಅದನ್ನು ಕಂಡದ್ದೇ ತಡ, ನನ್ನ ಕೈ ತುರಿಸತೊಡಗಿತು. ಒಡೆದ ಕೊಡ, ಬಣ್ಣದ ಡಬ್ಬಿ, ಎಣ್ಣೆ ಡಬ್ಬಿ, ಏನು ಸಿಕ್ಕರೂ ತಳಕ್ಕೆ ತೂತು ಹೊಡೆದು ಮಣ್ಣು ತುಂಬಿದೆ. ಮೆಣಸಿನಕಾಯಿ, ಕೊತ್ತಂಬರಿ ಹಚ್ಚಿದ್ದರೆ ಯಾರ ತಕರಾರೂ ಇರುತ್ತಿರಲಿಲ್ಲ. ಆದರೆ ಅವೆಲ್ಲ ಅಣ್ಣನ ಹೊಲದಲ್ಲೇ ಬೆಳೆಯುತ್ತಿದ್ದವಲ್ಲ! ಅವನು ಕಂಡಿರದಂಥದ್ದನ್ನು ಬೆಳೆದು ತೋರಿಸಬೇಕೆಂಬುದು ನನ್ನ ಹಟ.

ಅಪ್ಪ ತೀರಿಕೊಂಡ ಮೇಲೆ ಅವ್ವ ಮೊಣಕಾಲು ನೋವಿನ ಔಷಧಕ್ಕೆಂದು ನಮ್ಮಲ್ಲಿಗೆ ಬಂದವಳು ಇಲ್ಲೇ ಉಳಿದಳು. ನನ್ನ ಸೋಲುಗಳಿಗೆಲ್ಲ ಅವಳೇ ಸಾಕ್ಷಿ. ಹನುಮನಹಳ್ಳಿಯಲ್ಲಿ ಫಾರಿನ್ ಜನರಿಗೆ ಊಟ ಮಾಡಿ ಹಾಕುವ ಹೋಟೆಲಿನವನೊಬ್ಬನ ಹಿಂದೆ ಬಿದ್ದು ಲೆಟ್ಯೂಸ್ ಸೊಪ್ಪಿನ ಬೀಜ ತಂದೆ. ಬಿಸಿಲಿಗೆ ಪರಸಿ ಕಲ್ಲು ಕಾದು ಹಂಚಾಯಿತು, ಎಲೆಯೆಲ್ಲ ಸುಟ್ಟು ಹಪ್ಪಳವಾಯಿತು. ಗಂಗಾವತಿಯ ನರ್ಸರಿಯಿಂದ ಸ್ಟ್ರಾಬೆರಿ ತಂದೆ. ಒಂದೇ ಒಂದು ಹಣ್ಣು ಬಿಟ್ಟಿತು, ಅದನ್ನು ಇರುವೆಗಳು ತಿಂದವು. ಬೇಸಿಲ್ ಎಂಬ ಸೊಪ್ಪು ಮಾತ್ರ ಹುಲುಸಾಗಿ ಬಂತು. ತುಳಸಿಯ ವಾಸನೆ ಬಂತೆಂದು ಅವ್ವ ಅದಕ್ಕೆ ಕುಂಕುಮ ಹಚ್ಚಿ, ಊದಿನಕಡ್ಡಿ ಸಿಕ್ಕಿಸಿ, ದಿನಾ ಕೈ ಮುಗಿಯತೊಡಗಿದಳು. ಇನ್ನು ಅದನ್ನು ಕೊಯ್ದು ತಿನ್ನುವ ಎದೆ ನಮ್ಮ ಮನೆಯಲ್ಲಿ ಯಾರಿಗಿದೆ? ಅದು ದೇವರಾಗಿ ಬೆಳೆದು, ದೇವರಾಗಿಯೇ ಒಣಗಿತು. ನಳದ ನೀರು ಬರುತ್ತಿದ್ದದ್ದೇ ಎಂಟು ದಿನಕ್ಕೊಮ್ಮೆ. ಅಕ್ಕಿ ತೊಳೆದ ನೀರನ್ನು ಚೊಂಬಿನಲ್ಲಿ ಹಿಡಿದು ನಾನು ಕುಂಡದಿಂದ ಕುಂಡಕ್ಕೆ ಓಡಾಡುವುದನ್ನು ಅವ್ವ ಹೊಸ್ತಿಲ ಮೇಲೆ ಕುಳಿತು ನೋಡುತ್ತಿದ್ದಳು.

"ಕೆಲಸಿಲ್ಲದ ಬಡಗ್ಯಾ ಮಗನ ಕುಂಡಿ ಕೆತ್ತಿದ್ನಂತ. ನೀ ಕುಂಡಾ ಕೆತ್ತು" ಎನ್ನುತ್ತಿದ್ದಳು.

ಒಳಗಿನಿಂದ ನನ್ನ ಹೆಂಡತಿ ಕಿಸಕ್ಕೆಂದು ನಗುವುದು ಕೇಳಿಸುತ್ತಿತ್ತು. ನಾನು ಚೊಂಬು ಕುಕ್ಕಿ ಕಚೇರಿಗೆ ನಡೆಯುತ್ತಿದ್ದೆ.

ವರ್ಷಗಳು ಹೀಗೇ ಹೋದವು. ಮಾಳಿಗೆ ಇರುವ ಮನೆಯನ್ನೇ ಹುಡುಕಿ ಮೂರು ಮನೆ ಬದಲಿಸಿದೆ, ಕುಂಡಗಳೂ ಗಾಡಿ ಏರಿ ನನ್ನ ಹಿಂದೆ ಬಂದವು. ಆಮೇಲೆ ಒಮ್ಮೆ ಕುಷ್ಟಗಿಯ ಗೆಳೆಯನೊಬ್ಬ ತನ್ನ ತೋಟದಿಂದ ಡ್ರ್ಯಾಗನ್ ಹಣ್ಣಿನ ಬಳ್ಳಿಯ ಎರಡು ತುಂಡು ಕೊಟ್ಟ. ಮೂರು ಮೂಲೆಯ ಹಸಿರು ಕಾಂಡ, ಅಂಚಿನ ತುಂಬ ಮುಳ್ಳು. ದೊಡ್ಡ ಡ್ರಮ್ಮಿನಲ್ಲಿ ಕಲ್ಲುಕಂಬ ನಿಲ್ಲಿಸಿ ಹಚ್ಚಿದೆ. ಅವ್ವ ಕಂಡವಳೇ ಹೌಹಾರಿದಳು.

"ಅಯ್ಯ ಯಪ್ಪಾ! ಕಳ್ಳಿ ತಂದು ಬಾಗಲ ಮುಂದ ಹಚ್ಚಿಯಲ್ಲೋ! ಮನಿ ಹಾಳ ಮಾಡ್ಬೇಕಂತ ಮಾಡಿಯೇನು?"

"ಹಣ್ಣ ಬಿಡತೈತಿ ಯವ್ವಾ, ಸುಮ್ನಿರು."

"ಕಳ್ಳ್ಯಾಗ ಹಣ್ಣು! ಸಜ್ಜಿ ಕಿತ್ತು ಹುಲ್ಲ ಉಳಿಸಿದ ಮಗಾ, ನೀ ಹೇಳಿದ್ರ ನಂಬಬೇಕು ನಾ."

ನಲವತ್ತು ವರ್ಷದ ಹಿಂದಿನ ಸಜ್ಜೆ! ಅದನ್ನು ಅವಳೂ ಮರೆತಿರಲಿಲ್ಲ. ನನಗೆ ಎಷ್ಟು ಸಿಟ್ಟು ಬಂತೆಂದರೆ ಅವತ್ತು ಊಟವನ್ನೇ ಬಿಟ್ಟೆ. ಈ ಗಿಡದ ಮೊದಲ ಹಣ್ಣನ್ನು ಅವಳ ಕೈಗೇ ಇಡಬೇಕು, ತಿಂದು "ಛಲೋ ಐತಿ" ಅಂತ ಅವಳ ಬಾಯಿಂದ ಅನ್ನಿಸಬೇಕು ಎಂದು ಅವತ್ತೇ ನಿಶ್ಚಯಿಸಿದೆ. ಅದೊಂದು ಮಾತು ಕೇಳಿದರೆ ಇನ್ನೇನೂ ಬೇಡವಾಗಿತ್ತು.

ಬಳ್ಳಿ ಮೂರು ವರ್ಷ ಸತಾಯಿಸಿತು. ಕಂಬ ಹತ್ತಿತು, ಜೋತುಬಿತ್ತು, ಹೂವಿನ ಸುದ್ದಿಯೇ ಇಲ್ಲ. ನಾಲ್ಕನೆಯ ವರ್ಷ ಮೂರು ಮೊಗ್ಗು ಬಂದವು. ರಾತ್ರಿ ಅರಳಿ ಬೆಳಗಾಗುವುದರೊಳಗೆ ಬಾಡುವ ಹೂವು ಅದು. ಎರಡು ಹಾಗೇ ಉದುರಿದವು. ಮೂರನೆಯದು ಕಾಯಾಯಿತು. ಕಾಯಿ ಊದಿತು, ಹಸಿರು ತಿರುಗಿ ಗುಲಾಬಿ ಬಣ್ಣ ಏರತೊಡಗಿತು. ಕಚೇರಿಗೆ ಹೋಗುವಾಗ ಒಮ್ಮೆ, ಬಂದಾಗ ಒಮ್ಮೆ ಮುಟ್ಟಿ ನೋಡುತ್ತಿದ್ದೆ. ಅವ್ವ ಕೂತಲ್ಲಿಂದಲೇ ನೋಡುತ್ತಿದ್ದಳು. ಇನ್ನೆರಡು ದಿನ ಬಿಟ್ಟು ಕೊಯ್ಯಬೇಕೆನ್ನುವಾಗ ಸೀಗಿ ಹುಣ್ಣಿಮೆ ಬಂತು.

ಸೀಗಿ ಹುಣ್ಣಿಮೆಗೆ ನಮ್ಮಲ್ಲಿ ಹೊಲಕ್ಕೆ ಚರಗ ಚೆಲ್ಲುತ್ತಾರೆ. ಪೈರು ಹೊತ್ತ ಭೂಮಿತಾಯಿ ಬಸುರಿ, ಅವಳಿಗೆ ಬಯಕೆಯೂಟ. ಐದು ಕಲ್ಲಿಟ್ಟು, ಸುಣ್ಣ ಹಚ್ಚಿ ಪೂಜೆ ಮಾಡಿ, ಹೋಳಿಗೆ, ಕಡುಬು, ಪಲ್ಲೆ, ಅನ್ನ ಎಲ್ಲ ಕಲೆಸಿ ಹೊಲದ ನಾಲ್ಕೂ ದಿಕ್ಕಿಗೆ ಚೆಲ್ಲುವುದು. ಅವ್ವ ಎಲ್ಲೇ ಇರಲಿ, ಆ ದಿನ ಅಳವಂಡಿಯ ಹೊಲದಲ್ಲಿ ಇರಲೇಬೇಕು. ಆ ವರ್ಷ ಮೊಣಕಾಲು ಮಡಚಲು ಆಗುತ್ತಿರಲಿಲ್ಲ, ಬಸ್ಸು ಹತ್ತಬೇಡ ಅಂತ ಡಾಕ್ಟರರು ಹೇಳಿದ್ದರು. ಎರಡು ದಿನ ಮುಖ ಊದಿಸಿಕೊಂಡು ಕೂತಳು. ಹುಣ್ಣಿಮೆಯ ಬೆಳಿಗ್ಗೆ ಎದ್ದು ನನ್ನ ಹೆಂಡತಿಯ ಜೊತೆ ಅಡುಗೆಗೆ ನಿಂತಳು. ನಾನು ಏನೋ ಕೆಲಸಕ್ಕೆ ಹಿಟ್ನಾಳಕ್ಕೆ ಹೋದೆ.

ಮಧ್ಯಾಹ್ನ ಮನೆಗೆ ಬಂದು ಮೆಟ್ಟಿಲು ಹತ್ತುತ್ತಿದ್ದಂತೆ ಮೇಲಿನಿಂದ ಕುಂಡವೊಂದು ಉರುಳಿ ಬಂತು. ಮಾಳಿಗೆಯ ಮೇಲೆ ಏಳೆಂಟು ಮಂಗಗಳು! ಪರಸಿ ಕಲ್ಲಿನ ತುಂಬ ಹೋಳಿಗೆಯ ಚೂರು, ಕಡುಬು, ಅನ್ನ. ಡ್ರಮ್ಮಿನ ಮುಂದೆ ಐದು ಕಲ್ಲು, ಸುಣ್ಣ, ಕುಂಕುಮ. ಬಳ್ಳಿ ನಡುವೆ ಮುರಿದು ನೆಲಕ್ಕೆ ಬಿದ್ದಿತ್ತು. ಗೋಡೆಯ ಮೇಲೆ ಒಂದು ಮಂಗ ಕುಳಿತು ನನ್ನ ಹಣ್ಣನ್ನು ಎರಡು ಕೈಯಲ್ಲಿ ಹಿಡಿದು ತಿನ್ನುತ್ತಿತ್ತು. ಮೂತಿಯೆಲ್ಲ ಕೆಂಪು. ನಾನು ಚಪ್ಪಲಿ ಬೀಸಿದೆ. ಅದು ಸಿಪ್ಪೆಯನ್ನು ನನ್ನ ಕಾಲ ಬಳಿ ಒಗೆದು ಹಾರಿಹೋಯಿತು.

ಹೆಂಡತಿ ಕೋಲು ಹಿಡಿದು ಬಾಗಿಲಲ್ಲೇ ನಿಂತಿದ್ದಳು. "ನಾ ಹೊಡ್ಯಾಕ ಹೋದ್ನಿರಿ, ಅತ್ತಿ ಬಿಡಲಿಲ್ಲ. ಚರಗ ಉಣ್ಣಾಕ ಬಂದದ್ದನ್ನ ಹೊಡೀಬಾರದಂತ" ಎಂದಳು.

ಅವ್ವ ಹೊಸ್ತಿಲ ಮೇಲೆ ಕಾಲು ಚಾಚಿ ಕುಳಿತಿದ್ದಳು. "ಹನುಮಪ್ಪ ಬಂದು ಉಂಡು ಹೋದ" ಎಂದಳು, ತಣ್ಣಗೆ.

ನನ್ನ ತಲೆ ಸಿಡಿಯಿತು. ಇಪ್ಪತ್ತು ವರ್ಷದ ಹೊಟ್ಟೆಯುರಿಯೆಲ್ಲ ಒಂದೇ ಸಲ ಬಾಯಿಗೆ ಬಂತು. "ಬುದ್ಧಿ ಐತೇನು ಯವ್ವಾ ನಿನಗ? ಮಾಳಿಗಿ ಮ್ಯಾಲೆ ಯಾರರೆ ಚರಗ ಚೆಲ್ತಾರೇನು? ಚರಗ ಚೆಲ್ಲಾಕ ಇದೇನ್ ಹೊಲಾ ಏನು?" ಎಂದು ಕೂಗಿದೆ. ಕೆಳಗಿನ ಮನೆಯವರು ಹೊರಗೆ ಬಂದು ನೋಡಿದರು.

ಅವ್ವ ನನ್ನನ್ನೇ ನೋಡಿದಳು.

"ಹೊಲಾ ಅಂತನ ಚೆಲ್ಲೀನಿ" ಎಂದಳು.

ಯಾವ ಮಾತಿಗಾಗಿ ಇಷ್ಟು ವರ್ಷ ಮಣ್ಣು ಹೊತ್ತಿದ್ದೆನೋ ಆ ಮಾತು ಬಂದಿತ್ತು. ಅದು ಬರುವ ಮೊದಲೇ ಇದು ಹೊಲವಲ್ಲವೆಂದು ನಾನೇ ಕೂಗಿಬಿಟ್ಟಿದ್ದೆ. ಹಾಗಂತ ಸಿಟ್ಟು ಇಳಿಯಿತೆಂದು ಸುಳ್ಳು ಹೇಳಲಾರೆ. ಗುಲಾಬಿ ಸಿಪ್ಪೆ ಇನ್ನೂ ಕಾಲ ಬಳಿಯೇ ಬಿದ್ದಿತ್ತು. "ಆ ಹಣ್ಣ ನಿನಗಂತ ಇಟ್ಟಿದ್ನಲ್ಲ ಯವ್ವಾ" ಎಂದೆ. ನಾಚಿಕೆಯಾಗಿ ಮುಖ ತಿರುಗಿಸಿದೆ.

ಸ್ವಲ್ಪ ಹೊತ್ತಿನ ಮೇಲೆ ಪರಸಿ ಕಲ್ಲಿನ ಮೇಲೆ ಏನೋ ಉಜ್ಜುವ ಸದ್ದು ಕೇಳಿ ತಿರುಗಿದೆ. ಮಡಚಲಾಗದ ಕಾಲನ್ನು ಎಳೆದುಕೊಂಡು, ಕುಂಡಿಯ ಮೇಲೆ ಸರಿಯುತ್ತ ಡ್ರಮ್ಮಿನ ತನಕ ಬಂದಿದ್ದಳು. ಅಳವಂಡಿಯಿಂದ ತಂದು ಪೆಟ್ಟಿಗೆಯಲ್ಲಿಟ್ಟಿದ್ದ ಕುರ್ಚಿಗಿ ಮಡಿಲಲ್ಲಿತ್ತು. ಮುರಿದ ಬಳ್ಳಿಯ ತುಂಡನ್ನು ಮುಳ್ಳು ಚುಚ್ಚದಂತೆ ಸೆರಗಿನಲ್ಲಿ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ ನೋಡುತ್ತಿದ್ದಳು.

"ಇದರ ಬುಡಾ ಯಾವ್ದೋ, ತುದಿ ಯಾವ್ದೋ? ಎರಡೂ ಒಂದ ನಮೂನಿ ಕಾಣ್ತಾವು. ನನಗ ತಿಳಿವಲ್ದು, ನೀ ಹೇಳು" ಎಂದಳು.

ನಾನು ಅವಳ ಪಕ್ಕದಲ್ಲಿ ಕುಳಿತು ಬುಡ ತೋರಿಸಿದೆ. ಅವ್ವ ಕುರ್ಚಿಗಿಯಿಂದ ಮಣ್ಣು ಕೆದರತೊಡಗಿದಳು.