ಗರ್ತಿ ರವಿಕೆಯ ಕಾಲನಿರ್ಣಯ

2004ರ ಏಪ್ರಿಲ್ 12, ಸೋಮವಾರ. ಆಧಾರ: ಕನ್ನಡ ದಿನಪತ್ರಿಕೆಯೊಂದರ ಅರ್ಧ ಹಾಳೆ, ರವಿಕೆಯ ತೋಳಿನ ಆಕಾರಕ್ಕೆ ಕತ್ತರಿಸಿದ್ದು. ಪತ್ರಿಕೆಯ ಹೆಸರು ಕಂಕುಳಿನ ತಿರುವಿನಲ್ಲಿ ಕತ್ತರಿಯ ಪಾಲಾಗಿದೆ. ತಾರೀಖು ಮಾತ್ರ ಮುಂಗೈಯ ತುದಿಯಲ್ಲಿ ಉಳಿದುಕೊಂಡಿದೆ.

ಹಾಳೆಗಳ ಗಂಟು ಬಿಚ್ಚಿದಾಗ ಮೊದಲು ಎದ್ದು ಬಂದದ್ದು ವಾಸನೆ. ಹೊಲಿಗೆ ಮಿಷನ್ನಿನ ಎಣ್ಣೆ, ನುಸಿಗುಳಿಗೆ, ಅವೆರಡರ ಅಡಿಯಲ್ಲಿ ಎಲ್ಲೋ ಈರುಳ್ಳಿ. ಗುಂಡ್ಲುಪೇಟೆಯ ಅಕ್ಕನ ಮನೆಯ ಪಕ್ಕದಲ್ಲಿ ಈರುಳ್ಳಿ ಮಂಡಿಯಿತ್ತು. ಅವಳು ಹೊಲಿದ ಮದುವೆ ರವಿಕೆಗಳಲ್ಲೂ ಮೊದಲ ಒಗೆತದವರೆಗೆ ಆ ಘಾಟು ಸೂಕ್ಷ್ಮವಾಗಿ ಉಳಿದಿರುತ್ತಿತ್ತು. ಯಾವ ಮದುಮಗಳೂ ದೂರಿದ್ದು ನನಗೆ ತಿಳಿದಿಲ್ಲ.

ನಾನು ಕೆಲಸದಲ್ಲಿದ್ದಷ್ಟು ಕಾಲವೂ ಶಾಸನಗಳ ತೇದಿಗಳನ್ನು ತಾಳೆ ನೋಡುತ್ತಿದ್ದವನು. ವಾರಕ್ಕೂ ತಿಥಿಗೂ ಹೊಂದಿಕೆಯಾಗದ ಕಲ್ಲೊಂದು ಸಿಕ್ಕಿದರೆ ಅಂದು ನನಗೆ ಊಟ ರುಚಿಸುತ್ತಿರಲಿಲ್ಲ. ನಿವೃತ್ತಿಯ ನಂತರ ಕಲ್ಲುಗಳು ದೂರವಾದವು; ಹಾಗಾಗಿ ಮನೆಯವರ ಮಾತುಗಳನ್ನೇ ತಾಳೆ ನೋಡುತ್ತೇನೆ. ಇದರಿಂದ ಮನೆಯಲ್ಲಿ ನನ್ನ ಗೌರವ ಹೆಚ್ಚಿದೆಯೆಂದು ಹೇಳಲು ಯಾವ ಪುರಾವೆಯೂ ಇಲ್ಲ.

ಅಕ್ಕನ ಮಿಷನ್ನು ಇದ್ದದ್ದು ಹೆದ್ದಾರಿಗೆ ಮುಖ ಮಾಡಿದ ಮುಂದಿನ ಕೋಣೆಯಲ್ಲಿ. ಕೇರಳದ ಕಡೆಗೆ ತರಕಾರಿ ಹೊತ್ತ ಲಾರಿಗಳು ಹೋದಾಗಲೆಲ್ಲ ಮೇಜು ನಡುಗಿ ಬಟ್ಟೆಯ ಮೇಲಿನ ಸೀಮೆಸುಣ್ಣದ ಗೆರೆ ಅಡ್ಡಾದಿಡ್ಡಿಯಾಗುತ್ತಿತ್ತು. ಆದ್ದರಿಂದ ಗೆರೆ ಎಳೆಯುವ ಮೊದಲು ಅವಳು ಕಿವಿಯನ್ನು ರಸ್ತೆಗೆ ಕೊಡುತ್ತಿದ್ದಳು. ಬರುವ ಲಾರಿ ತುಂಬಿದ್ದೋ ಖಾಲಿಯೋ ಎಂಬುದನ್ನು ಅದು ತಿರುವಿನಲ್ಲಿರುವಾಗಲೇ ಹೇಳುತ್ತಿದ್ದಳು. ಅವಳ ಈ ಕಿವಿಯನ್ನು ಓದುಗರು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು. ನಾನು ಇಟ್ಟುಕೊಳ್ಳಲಿಲ್ಲ.

ಆ ವರ್ಷದ ಆರಂಭದಲ್ಲಿ ನನ್ನ ಮಗಳು ಸವಿತಾಳ ಕತ್ತಿನ ಮೇಲೆ ಉಗುರಿನಷ್ಟು ಬಿಳುಪು ಕಾಣಿಸಿಕೊಂಡಿತು. ಬೇಸಿಗೆಯ ಹೊತ್ತಿಗೆ ಅದು ಎರಡೂ ಮುಂಗೈಗಳಿಗೆ ಇಳಿದಿತ್ತು. ಅಂಟುವಂಥದ್ದಲ್ಲ, ನೋವಿನದ್ದಲ್ಲ ಎಂದು ವೈದ್ಯರು ಹೇಳಿದರು. ಅದಕ್ಕೊಂದು ಹೆಸರಿತ್ತು, ಚಾಮರಾಜನಗರದ ನಮ್ಮ ಮನೆಯಲ್ಲಿ ಆ ಹೆಸರನ್ನು ಯಾರೂ ಎತ್ತಲಿಲ್ಲ. ಒಂದು ದಿನ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಹೆಂಗಸೊಬ್ಬಳು ಇವಳ ಕೈ ನೋಡಿ ಎದ್ದು ನಿಂತುಕೊಂಡಳಂತೆ. ಅಂದಿನಿಂದ ಸವಿತಾ ಸುಡುಬಿಸಿಲಿನಲ್ಲೂ ಕತ್ತಿಗೆ ದುಪಟ್ಟಾ ಸುತ್ತಿ, ಕೈಗಳನ್ನು ಅದರೊಳಗೆ ಹುದುಗಿಸಿ ಕೂರತೊಡಗಿದಳು. ಜೂನ್‌ನಲ್ಲಿ ಕಾಲೇಜು ತೆರೆದರೆ ಹೋಗುವುದಿಲ್ಲ ಎಂದಳು. ತಾಯಿಯನ್ನು ಚಿಕ್ಕಂದಿನಲ್ಲೇ ಕಳೆದುಕೊಂಡ ಹುಡುಗಿ. ನಾನು ಅವಳಿಗೆ ಚರ್ಮದ ಬಗ್ಗೆ ಒಂದು ಒಳ್ಳೆಯ ಪುಸ್ತಕ ತಂದುಕೊಟ್ಟೆ.

ಅಕ್ಕನ ಬಳಿ ಒಂದು ಹಳೆಯ ವಿಲಾಯಿತಿ ಲಕೋಟೆಯಿತ್ತು, ಅವಳಿಗೆ ಹೊಲಿಗೆ ಕಲಿಸಿದ ಟೀಚರಮ್ಮ ಊರು ಬಿಡುವಾಗ ಕೊಟ್ಟದ್ದು. ಒಳಗೆ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಕಾಗದದಲ್ಲಿ ರವಿಕೆಯೊಂದನ್ನು ಕತ್ತರಿಸುವ ಅಚ್ಚುಗಳು; ಮೇಲೆ ಗದ್ದ ಮುಟ್ಟುವ ಕಾಲರಿನ, ಮಣಿಕಟ್ಟು ದಾಟಿ ಹಸ್ತದ ಹಿಂಬದಿಗೆ ಚೂಪಾಗಿ ಇಳಿಯುವ ತೋಳಿನ ಹೆಂಗಸಿನ ಚಿತ್ರ. ಇಸವಿ ನಮೂದಾಗಿರಲಿಲ್ಲ. ಬೆಲೆ ಶಿಲ್ಲಿಂಗಿನಲ್ಲಿದ್ದುದರಿಂದ ಅದು ಇಂಗ್ಲೆಂಡು ಶಿಲ್ಲಿಂಗನ್ನು ಕೈಬಿಟ್ಟ 1971ಕ್ಕಿಂತ ಹಿಂದಿನದೆಂದು ನಾನು ನಿರ್ಣಯಿಸಿದ್ದೆ. ಅದರಿಂದ ಅಕ್ಕನಿಗೆ ಯಾವ ಉಪಯೋಗವೂ ಆಗಲಿಲ್ಲ.

ಬಸವ ಜಯಂತಿಯ ರಜೆಗೆ ನಾನು, ಸವಿತಾ, ನಮ್ಮ ಅವ್ವ ಗುಂಡ್ಲುಪೇಟೆಗೆ ಹೋದೆವು. ಪಂಚಾಂಗ ತೆಗೆದು ನೋಡಿದ್ದೇನೆ: ಏಪ್ರಿಲ್ 22, ಗುರುವಾರ. ಊಟವಾದ ಮೇಲೆ ಸವಿತಾ ಆ ಲಕೋಟೆಯನ್ನು ಅಕ್ಕನ ಮುಂದಿಟ್ಟು, ಇದನ್ನೇ ಕಪ್ಪು ಬಟ್ಟೆಯಲ್ಲಿ, ಲೇಸು ಹಚ್ಚಿ, ಬೇಸಿಗೆಗೆ ಆಗುವ ಹಾಗೆ ಹೊಲಿದುಕೊಡಬೇಕೆಂದಳು. ಅವ್ವ ಎಲೆಗೆ ಸುಣ್ಣ ಸವರುತ್ತಿದ್ದವಳು ತಲೆಯೆತ್ತಿ, ‘ಮದ್ವೆ ಆಗ್ಬೇಕಾದ ಎಣ್ಣಿಗೆ ಕರೀ ಬಟ್ಟೆಯಾ? ಯಾರ್ ಮನೆ ಸೂತ್ಕುಕ್ಕೆ?’ ಎಂದಳು.

‘ಇದು ಗಾಥಿಕ್, ಅಜ್ಜಿ,’ ಎಂದಳು ಸವಿತಾ.

‘ಏನು, ಗರ್ತಿ ರವ್ಕೆನಾ?’ ಎಂದಳು ಅಕ್ಕ, ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡು.

ಗರತಿಯನ್ನು ನಮ್ಮ ಸೀಮೆಯಲ್ಲಿ ಗರ್ತಿ ಎನ್ನುತ್ತಾರೆ. ತಪ್ಪೊಂದು ಕಿವಿಗೆ ಬಿದ್ದ ಮೇಲೆ ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಅದು ಗರ್ತಿಯಲ್ಲ, ಗಾಥಿಕ್; ಯುರೋಪಿನ ಚರ್ಚುಗಳ ಚೂಪು ಕಮಾನಿಗೆ ಸಂಬಂಧಿಸಿದ ಹೆಸರು; ಈ ತೋಳಿನ ತುದಿಯಲ್ಲಿ ಆ ಕಮಾನನ್ನೇ ತಲೆಕೆಳಗಾಗಿ ಕಾಣಬಹುದು ಎಂದು ವಿವರಿಸತೊಡಗಿದೆ. ಹನ್ನೆರಡನೆಯ ಶತಮಾನವನ್ನು ತಲುಪುವಷ್ಟರಲ್ಲಿ ಅಕ್ಕ ತಡೆದಳು.

‘ಸುಮ್ಕಿರ್ಲಾ. ಕೂಸು ಗರ್ತಿ ಅಂದದ್ದು ನಂಗೆ ಕೇಳುಸ್ತು. ನಿಂದು ಕಲ್ಲು ಓದೋ ಕಿವಿ.’

ಅವ್ವನಿಗೆ ಇಷ್ಟು ಸಾಕಾಯಿತು. ಮಗನ ವಿದ್ಯೆಗೂ ಮಗಳ ಮಾತಿಗೂ ಜಗಳ ಬಂದಾಗ ಅವಳು ಎಂದೂ ತಪ್ಪದೆ ಮಗಳ ಪಕ್ಷ. ‘ಅವ್ನಿಗೇನ್ ಗೊತ್ತಮ್ಮಿ ರವ್ಕೆ ಇಚಾರ. ನಮ್ಮತ್ತೆ ಇಂಗೇ ಕತ್ತು ಮುಚ್ಚಂಗೆ, ಕೈ ಮುಚ್ಚಂಗೆ ಕುಪ್ಸ ತೊಡೋರು. ಅದೂ ಕರೀದೇಯ. ಗರ್ತಿ ಅಂದ್ರೆ ಅವ್ರು ಕಣ,’ ಎಂದು ಎಲೆಯನ್ನು ಮಡಿಸಿ ಬಾಯಿಗಿಟ್ಟುಕೊಂಡಳು. ಸೂತಕದ ಮಾತು ಅಲ್ಲಿಗೆ ಮುಗಿಯಿತು.

ಬಟ್ಟೆ ಟೂ ಬೈ ಟೂ, ಗಾಳಿಯಾಡುವಂಥದ್ದು. ಚಿತ್ರದ ಹೆಂಗಸಿನ ಭುಜ ಅಗಲ, ನಮ್ಮ ಹುಡುಗಿಯದು ಗುಬ್ಬಿಯ ಭುಜ. ಆದ್ದರಿಂದ ಅಚ್ಚನ್ನು ಹಾಗೇ ಇಡುವಂತಿರಲಿಲ್ಲ. ಅಕ್ಕ ಒಳಬಟ್ಟೆ ಕೊಡಲಿಲ್ಲ. ಕಾಲರಿನ ಹಿಂಬದಿಗೆ ಬಟ್ಟೆಯ ಬದಲು ಲೇಸನ್ನೇ ಇಟ್ಟಳು, ಅಲ್ಲಿ ಬೆವರು ಆರಲೆಂದು. ತೋಳಿನ ಚೂಪು ತುದಿ ಮೇಲಕ್ಕೆ ಸರಿಯದಂತೆ ನಡುಬೆರಳಿಗೆ ಸಿಕ್ಕಿಸುವ ಸಣ್ಣ ದಾರದ ಕುಣಿಕೆ ಮಾಡಿದಳು. ಇದು ವಿಲಾಯಿತಿ ಅಚ್ಚಿನಲ್ಲಿ ಇರಲಿಲ್ಲ. ತೊಡಿಸಿ ನೋಡುವಾಗ ಸವಿತಾಳನ್ನು ಕನ್ನಡಿಗೆ ಬೆನ್ನು ಮಾಡಿ ನಿಲ್ಲಿಸಿ, ಗುಂಡಿಯೆಲ್ಲ ಹಾಕಿದ ಮೇಲೆ ತಿರುಗಿಸಿದಳು. ಆ ಬೇಸಿಗೆಯಲ್ಲಿ ನನ್ನ ಮಗಳು ಕೈಗಳೆರಡನ್ನೂ ಎತ್ತಿ ಕೂದಲು ಸರಿಪಡಿಸಿಕೊಂಡದ್ದನ್ನು ನಾನು ಮೊದಲ ಬಾರಿಗೆ ನೋಡಿದ್ದು ಆಗಲೇ.

ಜೂನ್ ತಿಂಗಳಲ್ಲಿ ಅವಳು ಬಸ್ಸು ಹತ್ತಿದಳು. ಗೆಳತಿಯರು ಕೇಳಿದರೆ ಗಾಥಿಕ್ ಎನ್ನುತ್ತಿದ್ದಳು, ಮುದುಕಿಯರು ಕೇಳಿದರೆ ಗರ್ತಿ. ಎರಡು ಗುಂಪಿನವರೂ ಮೆಚ್ಚಿ ತಲೆಯಾಡಿಸುತ್ತಿದ್ದರಂತೆ. ಆ ವರ್ಷ ಹತ್ತಿರದ ಭೀಮನಬೀಡಿನ ಹುಡುಗಿಯರೂ ಅಕ್ಕನ ಬಳಿಗೆ ಬಂದು ‘ಗರ್ತಿ ತೋಳು’ ಇಡಿಸಿಕೊಂಡು ಹೋದರು.

ಅಕ್ಕನ ಕಿವಿ ತಪ್ಪಿದ ಈ ಕಥೆಯನ್ನು ನಾನು ಇಪ್ಪತ್ತು ವರ್ಷ ಹೇಳಿದ್ದೇನೆ. ಹೋದ ವರ್ಷ ಅವಳು ತೀರಿಕೊಂಡಾಗ ಬಂದ ನೆಂಟರಿಗೂ ಹೇಳಿದೆ, ಅಳುತ್ತಿದ್ದವರು ನಕ್ಕರು. ಸವಿತಾ ಮಾತ್ರ ನಗದೆ ನನ್ನ ಮುಖವನ್ನೇ ನೋಡುತ್ತಿದ್ದಳು.

ಈಗ ಅವಳು ಮೈಸೂರಿನಲ್ಲಿ ಪಾಠ ಹೇಳುತ್ತಾಳೆ. ಮೊನ್ನೆ ಬಂದವಳು ಈ ಗಂಟನ್ನು ನನ್ನ ಮೇಜಿನ ಮೇಲಿಟ್ಟು, ‘ನಿನಗೆ ದಾಖಲೆ ಅಂದ್ರೆ ಇಷ್ಟ ಅಲ್ವಾ ಅಪ್ಪ,’ ಎಂದು ಕಾಫಿ ಮಾಡಲು ಒಳಗೆ ಹೋದಳು. ಬಿಳುಪು ಈಗ ಅವಳ ಮೊಣಕೈ ದಾಟಿದೆ. ಈಗ ಅವಳು ತೊಡುವ ರವಿಕೆಯ ತೋಳು ಮೊಣಕೈಗಿಂತ ಎಷ್ಟೋ ಮೇಲೇ ನಿಂತುಬಿಟ್ಟಿದೆ. ಬಟ್ಟೆಗೆ ಕತ್ತರಿ ಹಾಕುವ ಮೊದಲು ಅಳತೆ ನೋಡಿಕೊಳ್ಳಲೆಂದು ಅಕ್ಕ ಬಸ್ಸಿನಲ್ಲಿ ಅವಳಿಗೆ ಕಳಿಸಿದ್ದ ಪತ್ರಿಕೆ ಹಾಳೆಯ ಅಚ್ಚುಗಳು ಇವೆಂದು ಅವಳೇ ಹೇಳಿದಳು.

ಪತ್ರಿಕೆ ಬಸವ ಜಯಂತಿಗೆ ಹತ್ತು ದಿನ ಹಿಂದಿನದು; ಆ ತಾರೀಖೊಂದೇ ಏನನ್ನೂ ಸಾಧಿಸುವುದಿಲ್ಲ, ಒಪ್ಪುತ್ತೇನೆ. ಹಳೆಯ ಪತ್ರಿಕೆಯನ್ನು ಯಾವ ದಿನ ಬೇಕಾದರೂ ಕತ್ತರಿಸಬಹುದು. ಆದರೆ ವ್ಯಾಕರಣ ಸುಳ್ಳು ಹೇಳುವುದಿಲ್ಲ. ಬಸವ ಜಯಂತಿಯ ನಂತರ ಬರೆದದ್ದಾದರೆ ‘ಕೇಳಿದಳು’ ಎಂದಿರಬೇಕಿತ್ತು, ‘ತಿದ್ದಿದ’ ಎಂದಿರಬೇಕಿತ್ತು. ತೋಳಿನ ಅಚ್ಚಿನ ಮೇಲೆ ಅಕ್ಕನ ನೀಲಿ ಪೆನ್ಸಿಲಿನ ದುಂಡಕ್ಷರಗಳಲ್ಲಿ ಇರುವ ಪಾಠ ಹೀಗಿದೆ:

‘ಗಾಥಿಕ್. ಅವ್ವ ಕೇಳುದ್ರೆ ಗರ್ತಿ. ನಿಮ್ಮಪ್ಪ ತಿದ್ದುದ್ರೆ ತಿದ್ಲಿ ಬುಡು ಮಗ, ಆಗ್ಲೇ ಅವ್ವ ನಂಬಾದು.’