ಶರಣಮ್ಮ ಕೊಡದ ಒಪ್ಪಿಗೆ

ಶರಣಮ್ಮ ಒಪ್ಪಿರಲಿಲ್ಲ, ಒಪ್ಪಿದ್ದಾಳೆಂದು ಹೇಳಿದವನು ನಾನು. ಸಾಯಗಾಂವದ ಹೊರಗೆ, ಬೇವಿನ ಮರದ ಕೆಳಗೆ, ಊರೂರು ತಪಾಸಣೆಗೆಂದು ದೌರೆಯ ಮೇಲೆ ಬಂದ ಸಾಹೇಬರ ಕುರ್ಚಿಯ ಎಡಕ್ಕೆ ನಿಂತಿದ್ದೆ. ಜೋಳದ ತೆನೆಗೆ ಹಾಲು ತುಂಬುವ ದಿನಗಳು, ಮುಂಜಾನೆ. ನಿಜಾಮ ಸರ್ಕಾರದ ಕಾಗದವೆಲ್ಲ ಉರ್ದು. ಹೈದರಾಬಾದಿನ ಆ ಸಾಹೇಬರಿಗೆ ಕನ್ನಡ ಬಾರದು. ಊರವರ ಮಾತನ್ನು ಅವರಿಗೆ ಉರ್ದುವಿನಲ್ಲಿ ಹೇಳುವುದು ನನ್ನ ನೌಕರಿ.

ಗಂಡುಮಕ್ಕಳಿಲ್ಲದ ತಂದೆ ತನ್ನ ಹೊಲವನ್ನು ಶರಣಮ್ಮನ ಹೆಸರಿಗೆ ಮಾಡಿ ಸತ್ತಿದ್ದ. ಅದನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಗಂಡ ಮಲ್ಲಪ್ಪ ಅವಳನ್ನು ತಮ್ಮೂರು ಠಾಣಾ ಕುಶನೂರಿನಿಂದ ಕರೆತಂದಿದ್ದ. ಅವಳ ಎಡಗಣ್ಣು ಊದಿ ಮುಚ್ಚಿತ್ತು. ಸಾಹೇಬರಿಗೆ ಕಾಣದಂತೆ ಸೆರಗು ಎಳೆದುಕೊಂಡಿದ್ದಳು — ನನಗೆ ಕಾಣುತ್ತಿತ್ತು.

“ಏನೋ ಮಲ್ಲ್ಯಾ, ಹೆಂಡ್ತಿ ಹೊಲದಾಗ ಆಳಾಗಿ ದುಡಿಯೋದು ಇವತ್ತಿಗಿ ಮುಗೀತೇನು?” ಎಂದು ಕಟ್ಟೆಯ ಮೇಲಿದ್ದವನೊಬ್ಬ ನಕ್ಕ.

ಮಲ್ಲಪ್ಪ ನಗಲಿಲ್ಲ. “ಹೂಂ ಅನ್ನು, ಅಷ್ಟ,” ಎಂದು ಹೆಂಡತಿಗೆ ಹೇಳಿದ.

ಒಪ್ಪಿಗೆ ಇದೆಯೇ ಎಂದು ಸಾಹೇಬರು ಕೇಳಿದರು. ನಾನು ಅದನ್ನೇ ಅವಳಿಗೆ ಕನ್ನಡದಲ್ಲಿ ಕೇಳಿದೆ.

“ಒಲ್ಲೆರಿ ಅಣ್ಣಾರ. ನಮ್ಮಪ್ಪನ ಹೊಲ ಅದ. ಬರದ ಕೊಡು ಅಂತ ದಿನಾ ಹೊಡೀತಾನ. ಹೊಲ ಅದ ಅಂತನ ನನಗ ಜೀವಂತ ಇಟ್ಟಾನ್ರಿ.”

ಮಲ್ಲಪ್ಪ ಒಂದು ಹೆಜ್ಜೆ ಮುಂದೆ ಬಂದ. ನಾನು ಸಾಹೇಬರ ಕಡೆ ತಿರುಗಿ ಉರ್ದುವಿನಲ್ಲಿ ಹೇಳಿದೆ: ಒಪ್ಪಿದ್ದಾಳೆ, ಸ್ವಂತ ಖುಷಿಯಿಂದ. ಅವನು ಹಿಂದೆ ಸರಿದ.

ಯಾರೂ ನನಗೆ ಏನೂ ಕೊಟ್ಟಿರಲಿಲ್ಲ. ಹೊಲ ಹೋದರೆ ಹೊಡೆತ ನಿಲ್ಲುತ್ತದೆ ಎಂದುಕೊಂಡೆ — ಇಲ್ಲ, ಅದಕ್ಕೂ ಮೊದಲು, ಹೆಂಗಸಿನ ಹೆಸರಿಗೆ ಹೊಲವೇಕೆ ಎಂದುಕೊಂಡಿದ್ದೆ. ನನ್ನ ತಂಗಿಗೂ ನಾವು ಏನೂ ಕೊಟ್ಟಿರಲಿಲ್ಲ...

ತಾನು ಹೇಳಿದ್ದನ್ನೇ ಬರೆದಿದ್ದಾರೆಂದು ನಂಬಿ ಅವಳು ಹೆಬ್ಬೆಟ್ಟು ಒತ್ತಿದಳು. ಮಸಿ ಒರೆಸಿಕೊಳ್ಳುತ್ತ ಕೇಳಿದಳು: “ನಾ ಅಂದದ್ದು ಸಾಹೇಬರಿಗಿ ಹೇಳ್ದಿರೇನ್ರಿ?”

“ಹೇಳೀನವ್ವಾ,” ಎಂದೆ.

ಹೊಡೆತ ನಿಲ್ಲಲಿಲ್ಲ. ವರ್ಷ ತುಂಬುವುದರೊಳಗೆ ಮಲ್ಲಪ್ಪ ಇನ್ನೊಬ್ಬಳನ್ನು ತಂದ. ಅದಾದ ಎರಡು ವರ್ಷಕ್ಕೆ ಶರಣಮ್ಮ ಸತ್ತ ಸುದ್ದಿ ಭಾಲ್ಕಿಯ ಸಂತೆಯಲ್ಲಿ ಕಿವಿಗೆ ಬಿತ್ತು. ಹೇಗೆ ಎಂದು ನಾನು ಕೇಳಲಿಲ್ಲ — ಕೇಳಿದ್ದರೆ ಹೇಳುತ್ತಿದ್ದರು.

ಸಾಹೇಬರು ಈಗ ಇಲ್ಲ, ಕಟ್ಟೆಯ ಮೇಲೆ ನಕ್ಕವನೂ ಇಲ್ಲ. ಅಂದು ಸಾಹೇಬರ ಹಿಂದೆ ನಿಂತಿದ್ದ, ಎರಡೂ ಭಾಷೆ ತಿಳಿದಿದ್ದ ಸಿಪಾಯಿ ಇಮಾಮಸಾಬ ಬೀದರಿನಲ್ಲಿದ್ದಾನೆ. ಅಂದಿನಿಂದ ನನ್ನ ಸಲಾಮಿಗೆ ಮುಖ ತಿರುಗಿಸುತ್ತಾನೆ. ಮಲ್ಲಪ್ಪ ಇದ್ದಾನೆ, ಆ ಹೊಲ ಉಣ್ಣುತ್ತಿದ್ದಾನೆ. ಶರಣಮ್ಮನ ಮಗಳು ಕಾಶಮ್ಮ, ಅಂದು ತಾಯಿಯ ಸೀರೆ ಹಿಡಿದು ನಿಂತಿದ್ದವಳು, ಔರಾದಿನಲ್ಲಿದ್ದಾಳೆ. ತಾಯಿ ‘ಒಲ್ಲೆ’ ಅಂದದ್ದು ಅವಳಿಗೆ ಇಂದಿಗೂ ನೆನಪಿದೆಯಂತೆ. ಹೊಲ ಹೇಗೆ ಹೋಯಿತೆಂದು ಮಾತ್ರ ಅವಳಿಗೆ ಯಾರೂ ಹೇಳಿಲ್ಲ.