ವ್ಯಾನಿನ ತಂತಿ

ಬ್ರೂಸ್‌ಪೇಟೆಯ ನಮ್ಮ ನೆರೆಮನೆಯ ಡ್ರೈವರ್ ಮಾಮನ ಹಳೆಯ ಮಿಲಿಟರಿ ವ್ಯಾನಿನಲ್ಲಿ ರೇಡಿಯೋ ಇತ್ತು. ಏರಿಯಲ್ ಮುರಿದಾಗ ಕೊಡೆಯ ಕಡ್ಡಿಗಳನ್ನು ಜೋಡಿಸಿ ತಾಮ್ರದ ತಂತಿ ಸುತ್ತಿದ. ಕಿವಿಯೊತ್ತಿ "ಬಂತು, ಬಂತು!" ಎನ್ನುತ್ತಿದ್ದ, ಬರುತ್ತಿದ್ದುದು ಕರಕರ ಸದ್ದು.

ನನ್ನ ಮದುವೆಗೆ ವಾಲಗ ಕರೆಸುವುದು ಅಪ್ಪನಿಂದಾಗಲಿಲ್ಲ. ಕುರುಗೋಡಿನ ಬೀಗರು ಹಂಗಿಸುವರೆಂದು ಅಳುತ್ತಿದ್ದೆ.

"ಅಳಬ್ಯಾಡವ್ವ, ರೇಡಿಯೋ ಐತಿ," ಎಂದ ಮಾಮ.

ಮದುವೆಗೆ ಅದೇ ವ್ಯಾನಿನಲ್ಲಿ ಕುರುಗೋಡಿಗೆ ಹೊರಟೆವು; ದಾರಿಯಲ್ಲಿ ಯಾರಾದರೂ ತಂತಿ ಮುಟ್ಟಿದರಷ್ಟೇ ರೇಡಿಯೋ ಹಾಡುತ್ತಿತ್ತು. ಮದುಮಗಳಾದ ನಾನೇ ಕಿಟಕಿಯಿಂದ ಕೈಯೆತ್ತಿ ತಂತಿ ಹಿಡಿದೆ. ಬೀಗರ ಬಾಗಿಲಿಗೆ ಬಂದಾಗ ಹಾಡು ಮುಗಿದು ತೆಲುಗು ವಾರ್ತೆ ಶುರುವಾಯಿತು.

"ಇದೇನ್ರೀ ವಾಲಗ?" ಎಂದರು ಬೀಗರು.

"ಮದರಾಸಿಂದ್ರೀ, ಸುದ್ದೀನೂ ಹೇಳತೈತಿ!" ಎಂದ ಮಾಮ ನನ್ನತ್ತ ತಿರುಗಿ, "ಕೈ ಬಿಡಬ್ಯಾಡವ್ವ!" ಎಂದ.

"ಸೊಸಿ ಸುದ್ದಿ ತಂದಾಳ," ಎಂದು ಅತ್ತೆ ನಗುತ್ತಲೇ ಆರತಿ ಬೆಳಗಿದರು.

ಮೊನ್ನೆ ತೀರಿಕೊಂಡ ಮಾಮನನ್ನು ಹೊತ್ತೊಯ್ಯುವಾಗ, ಹಲಗೆ ಬಡಿಯುವ ಸದ್ದಿಗೆ ನನ್ನ ಕೈ ತಾನಾಗಿ ಮೇಲೆದ್ದಿತು.